ಮಂಜವ್ವನ ಚೀಟಿಯ ಸೊನ್ನೆ

೧೪ ಫೆಬ್ರುವರಿ ೧೯೮೩, ಸೋಮವಾರ

ಇವತ್ತೂ ಅದೇ. ಹಿತ್ತಲ ಗೋಡೆಗೆ ಉಗುಳಿದ್ದಾಳೆ. ಹೋದ ವಾರವಷ್ಟೇ ಸುಣ್ಣ ಬಳಿದಿದ್ದೆ. ಬಿಳಿ ಗೋಡೆ ಕಂಡರೆ ಮಂಜವ್ವನ ಬಾಯಿ ತಡೆಯುವುದಿಲ್ಲ. ಕೆಂಪಗೆ, ಉದ್ದಕ್ಕೆ, ಕೋಳಿ ಕೊಯ್ದ ಹಾಗೆ. ಕೇಳಿದರೆ ಮಾತು ತಯಾರು.

"ನಿನ್ನ ತ್ವಾಟದ್ದ ಎಲಿ ಅದು. ನಿನ್ನ ಗ್ವಾಡಿಗೇ ಉಗುಳೇನಿ. ಮಂದಿ ಗ್ವಾಡಿಗೆ ಉಗುಳಿಲ್ಲಲ್ಲ?"

ತಂಗಿ ಅಂತ ಸುಮ್ಮನಿರಬೇಕು. ಅರವತ್ತಕ್ಕೆ ಎರಡು ಕಡಿಮೆ ಅವಳಿಗೆ. ಗಂಡ ಸತ್ತ ಮೇಲೆ ತಿಳವಳ್ಳಿಯಿಂದ ಒಂದು ಟ್ರಂಕು, ಒಂದು ಎಲೆ ಚಂಚಿ ಹಿಡಿದು ಬಂದವಳು. ಇಪ್ಪತ್ತು ವರ್ಷವಾಯಿತು. ಟ್ರಂಕು ತುಕ್ಕು ಹಿಡಿದಿದೆ. ಚಂಚಿ ಮಾತ್ರ ವರ್ಷಕ್ಕೊಂದು ಹೊಸದು. ನನ್ನಾಕೆ ಹೋದ ಮೇಲೆ ಒಲೆ, ಮನೆ, ನಾನು ಎಲ್ಲ ಅವಳ ಕೈಯಲ್ಲೇ.

ನಾನೂ ಸಾಚಾ ಅಲ್ಲ. ತಂಬಾಕು ಇಲ್ಲದೆ ಬಳ್ಳಿಯ ಏಣಿ ಹತ್ತಲು ಕಾಲೇ ಬರುವುದಿಲ್ಲ. ಆದರೆ ಉಗುಳುವುದು ಕಾಲುವೆಯಾಚೆ. ಅವಳು ಕೆನ್ನೆಯಲ್ಲಿ ತಂಬಾಕು ಇಟ್ಟುಕೊಂಡೇ ಮಲಗುತ್ತಾಳೆ. ಬೆಳಿಗ್ಗೆ ಅವಳ ದಿಂಬು ನೋಡಬಾರದು. ಹೇಸಿಕೆ.

ಡಂಗುರದವನು ಸಾರಿ ಹೋದ. ಭಾನುವಾರ ಶಾಲೆಗೆ ಡಾಕ್ಟರರು ಬರುತ್ತಾರಂತೆ. ಎಲೆ ತಂಬಾಕು ತಿನ್ನುವವರೆಲ್ಲ ಬರಬೇಕಂತೆ. ಬಾಯಿ ನೋಡುತ್ತಾರೆ, ರಕ್ತ ನೋಡುತ್ತಾರೆ. ಎಲೆ ತೋಟದ ಊರಿದು, ತಿನ್ನದವರು ಯಾರು ಇಲ್ಲಿ? ಊರಿಗೂರೇ ಬಾಯಿ ತೆರೆದು ನಿಲ್ಲಬೇಕಾಗುತ್ತದೆ.

೨೦ ಫೆಬ್ರುವರಿ, ಭಾನುವಾರ

ಬಂದವನು ಬೇರೆ ಯಾರೂ ಅಲ್ಲ, ಮಠದ ಓಣಿಯ ಗಂಗಾಬಾಯಿಯವರ ಮಗ ಮಧ್ವೇಶ. ದೊಡ್ಡ ಡಾಕ್ಟರಿಕೆ ಓದುತ್ತಿದ್ದಾನೆ. ಅದಕ್ಕೊಂದು ಪುಸ್ತಕ ಬರೆಯಬೇಕಂತೆ. ಆ ಪುಸ್ತಕಕ್ಕೆ ನಮ್ಮ ಬಾಯಿ ಬೇಕಂತೆ.

ಸಾಲಿನಲ್ಲಿ ನಿಂತು ಮುಂದಿನವರ ಬಾಯಿಯೊಳಗೆ ನೋಡಬೇಕಾಯಿತು. ಬಾಯಿ ಅಂದರೆ ಮಾತಿಗೆ, ಊಟಕ್ಕೆ ಅಂದುಕೊಂಡಿದ್ದೆ. ಟಾರ್ಚು ಬಿಟ್ಟು ನೋಡಿದರೆ ಗಟಾರ. ಕಪ್ಪು ಹಲ್ಲು, ಹಲ್ಲಿನ ಬುಡಕ್ಕೆ ಸುಣ್ಣದ ಕರೆ, ಗಲ್ಲದ ಒಳಮೈ ಸುಟ್ಟ ರೊಟ್ಟಿಯ ಹಾಗೆ. ನನ್ನದೂ ಹಾಗೇ ಇದ್ದೀತು. ಕನ್ನಡಿಗೆ ಬಾಯಿ ತೋರಿಸುವ ಚಟ ನನಗಿಲ್ಲ.

ಬೆರಳಿಗೆ ಚುಚ್ಚಿದ. ಬಿಳಿ ಫರಶಿಯ ತುಂಡಿನ ಮೇಲೆ ಎರಡು ಹನಿ. ಅದಕ್ಕೆ ಔಷಧದ ಎರಡು ಹನಿ. ಒಂದು ಹನಿ ಹಾಗೇ ಉಳಿಯಿತು, ಇನ್ನೊಂದು ಒಡೆದ ಹಾಲಿನ ಹಾಗೆ ಚೂರು ಚೂರಾಯಿತು.

"ನಿಮ್ಮದು ಎ ಗ್ರೂಪ್ ಅದ ಅಜ್ಜಾರ."

"ಅಂದ್ರ?"

"ರಕ್ತದ ಕಣದ ಮ್ಯಾಲೆ ಒಂದು ಗುರುತು ಇರ್ತದ. ಅದೇ ಗುರುತು ಬಾಯೊಳಗಿನ ಚರ್ಮಕ್ಕೂ ಇರ್ತದ. ಅಗಸರು ಅರಿವಿಗೆ ಗುರುತು ಹಾಕ್ತಾರಲ್ರೀ, ಹಂಗ. ಚರ್ಮ ಕೆಡ್ಲಿಕ್ಕೆ ಶುರು ಆದ್ರ ಆ ಗುರುತು ಅಳಸ್ತದ."

"ನನ್ನದು ಅಳಸೇತೇನು?"

"ಇಲ್ರೀ, ನಿಮ್ಮ ಬಾಯಿ ಸದ್ಯಕ್ಕ ಛಲೋ ಅದ. ಆದ್ರ ಎ ಗ್ರೂಪಿನವರಿಗೆ ಬಾಯಿ ಕ್ಯಾನ್ಸರ್ ಸ್ವಲ್ಪ ಹೆಚ್ಚು ಬರ್ತದೇನೋ ಅಂತ ಕೆಲವರು ಬರದಾರ. ಖರೇನೋ ಸುಳ್ಳೋ ನೋಡ್ಲಿಕ್ಕೇ ನಾವು ಬಂದದ್ದು. ಯಾವ ಗ್ರೂಪಿನವರಿಗೂ ಬರಬಹುದು. ತಂಬಾಕು ಬಿಡ್ರಿ, ಅದು ಮುಖ್ಯ."

ಮೊದಲ ಮಾತು ಇಡೀ ಸಾಲಿಗೆ ಕೇಳಿಸಿತು. ಕೊನೆಯ ಮಾತು ಯಾರಿಗೂ ಕೇಳಿಸಲಿಲ್ಲ. ನನ್ನ ಹಿಂದೆ ನಿಂತವನು ಎರಡು ಹೆಜ್ಜೆ ದೂರ ಸರಿದ. ನನಗಾಗಲೇ ರೋಗ ಬಂದು ಅವನಿಗೆ ತಗಲುವ ಹಾಗೆ.

ಹೆಂಗಸರ ಸಾಲು ಬೇರೆ. ಮಂಜವ್ವ ಹೊರಗೆ ಬರಲು ತಡ ಮಾಡಿದಳು. ಕೈಯಲ್ಲಿ ಚೀಟಿ.

"ಏನಂದ?"

"ಭಾಳ ಹೊತ್ತು ಟಾರ್ಚ ಬಿಟ್ಟ. ಇನ್ನೊಬ್ಬಾವನ್ನೂ ಕರದು ತೋರಿಸಿದ. ನನ್ನ ಬಾಯಿ ಏನ್ ಅಜಂತಾ ಗವಿಯೇನೋ ಅಂದೆ. ನಕ್ಕ. ಚೀಟಿ ಮನ್ಯಾಗ ಓದಿಸಿ, ಅದರಾಗ ಬರದಂಗ ಮಾಡ್ರಿ ಅವ್ವಾರ ಅಂದ. ಓದು."

ಮನೆಯಲ್ಲಿ ಓದುವವನು ನಾನೇ. ಮೂರನೆಯ ಇಯತ್ತೆಯ ತನಕ ಶಾಲೆ. ಹೆಸರು, ವಯಸ್ಸು, ರಕ್ತ—ಮೂರೂ ಕನ್ನಡದಲ್ಲಿ ಅಚ್ಚು. ನನ್ನ ಚೀಟಿಯಲ್ಲಿ ರಕ್ತದ ಮುಂದೆ ಏಣಿಯ ಹಾಗೆ ಒಂದು ಇಂಗ್ಲಿಷ್ ಅಕ್ಷರ, ಅದೇ ಎ ಎಂದು ಮಧ್ವೇಶ ತೋರಿಸಿದ್ದ. ಅವಳದರಲ್ಲಿ ದುಂಡಗೆ ಸೊನ್ನೆ. ಅದರ ಕೆಳಗೆ ಒಂದೂವರೆ ಸಾಲು ಇಂಗ್ಲಿಷು, ಇರುವೆ ಹರಿದ ಹಾಗೆ. ಸಹಿ ಗಿಹಿ ಇರಬೇಕು.

"ಸೊನ್ನಿ ಬರದಾನ."

"ಸೊನ್ನಿ ಅಂದ್ರ?"

"ಸೊನ್ನಿ ಅಂದ್ರ ಮತ್ತೇನ? ಏನೂ ಇಲ್ಲ. ನಿನ್ನ ಬಾಯಾಗ ಏನೂ ಇಲ್ಲ, ತಲ್ಯಾಗ ಇಲ್ಲದಂಗ."

ನಕ್ಕಳು. ಚೀಟಿ ಮಡಿಸಿ ಚಂಚಿಯೊಳಗೆ ಇಟ್ಟಳು. ಅದೇ ಚಂಚಿಯಿಂದ ಎಲೆ ತೆಗೆದು ಸುಣ್ಣ ಸವರಿದಳು.

ಎ ಅಂತೆ. ಊರಲ್ಲಿ ಎಲ್ಲರಿಗಿಂತ ಕಡಿಮೆ ಉಗುಳುವವನು ನಾನು. ನನಗೇ ಎ.

೬ ಮಾರ್ಚ್, ಭಾನುವಾರ

ಊರೆಂಬುದು ಹಂದಿ ಹೊರಳಾಡಿದ ಕೆಸರು. ಡಾಕ್ಟರು ಹೇಳಿದ್ದು ಒಂದು, ಇವರು ಹೊತ್ತು ತಿರುಗುವುದು ಇನ್ನೊಂದು. ರಕ್ತದ ಗುಂಪು ಅಂದರೆ ಬೆಡಗು ಅಂತೆ! ನಮ್ಮಲ್ಲಿ ಮದುವೆಗೆ ಬೆಡಗು, ಅಂದರೆ ಗೋತ್ರ, ನೋಡುತ್ತಾರೆ. ಒಂದೇ ಬೆಡಗಿನವರು ಅಣ್ಣ ತಂಗಿ ಇದ್ದ ಹಾಗೆ, ಕೊಟ್ಟು ತರುವ ಹಾಗಿಲ್ಲ. ಅದನ್ನು ಇದಕ್ಕೆ ಅಂಟಿಸಿದರು. ಗಂಡ ಹೆಂಡತಿ ಇಬ್ಬರಿಗೂ ಬಿ ಬಂದ ಮನೆಯಲ್ಲಿ ಮುದುಕಿ ಮೂರು ದಿನ ಉಂಡಿಲ್ಲ. ಸೊಸೆ ಮಗಳಾದಳಲ್ಲ ಎಂದು. ಐದು ಮೊಮ್ಮಕ್ಕಳಿದ್ದಾವೆ ಆ ಮನೆಯಲ್ಲಿ. ಥೂ.

ಚಾದಂಗಡಿಯಲ್ಲಿ ಗುಡ್ಡಪ್ಪ ಕುಳಿತಿದ್ದ. ಪಕ್ಕದ ತೋಟದವನು, ನನಗಿಂತ ಇಪ್ಪತ್ತು ವರ್ಷ ಸಣ್ಣವನು, ನಾಲಿಗೆ ಮಾತ್ರ ದೊಡ್ಡದು. ಅವನ ಚೀಟಿಯಲ್ಲೂ ಸೊನ್ನೆ. ಜೇಬಿನಿಂದ ತೆಗೆದು ಬಂದವರಿಗೆಲ್ಲ ತೋರಿಸುತ್ತಾನೆ. ನನ್ನನ್ನು ಕಂಡು ದನಿ ಏರಿಸಿದ.

"ಮೈಲಾರಪ್ಪಂದು ಎ ಬೆಡಗ. ತಂಗೀದು ಸೊನ್ನಿ ಬೆಡಗ. ಒಂದ ಹೊಟ್ಟ್ಯಾಗ ಎರಡ ಬೆಡಗ ಹೆಂಗ ಹುಟ್ಟತಾವಪಾ? ಅವರವ್ವ ಇದ್ದಿದ್ರ ಕೇಳಬೇಕಿತ್ತು."

ಕುಳಿತವರು ಹಲ್ಲು ಬಿಟ್ಟರು. ಎಲ್ಲ ಕೆಂಪು ಹಲ್ಲು.

ಕಪಾಳಕ್ಕೆ ಬಿಟ್ಟೆ. ಅವನ ಬಾಯಲ್ಲಿದ್ದ ಎಲೆ ಹಾರಿ ನನ್ನ ಅಂಗಿಗೇ ಬಿತ್ತು. ತೊಳೆದರೂ ಕಲೆ ಹೋಗಲಿಲ್ಲ.

ಮಂಜವ್ವನಿಗೆ ಹೇಳಲಿಲ್ಲ. ಆದರೂ ಗೊತ್ತಾಯಿತು. ಪಕ್ಕದ ಮನೆಯ ದುರಗವ್ವ ಇರುವಾಗ ಯಾವ ಸುದ್ದಿ ನಿಲ್ಲುತ್ತದೆ?

"ಬಡದಿ ಅಂತಲ್ಲ. ಛಲೋ ಮಾಡಿದಿ. ಎಡಗೈಲೆ ಇನ್ನೊಂದು ಬಿಡಬೇಕಿತ್ತು, ನನ್ನ ಲೆಕ್ಕಕ್ಕ."

೨ ಜೂನ್, ಗುರುವಾರ

ತಂಬಾಕು ಬಿಟ್ಟು ಎಂಬತ್ತು ದಿನ. ಹೆದರಿ ಬಿಟ್ಟೆ. ಬೇರೆಯವರ ಮುಂದೆ ಹೊಟ್ಟೆನೋವು ಅನ್ನುತ್ತೇನೆ. ಬಾಯಿ ಸಪ್ಪಗೆ. ಸಿಟ್ಟು ಮೊದಲೇ ಇತ್ತು, ಈಗ ಅದಕ್ಕೆ ಬೇರೆ ಕೆಲಸವಿಲ್ಲ. ನಿನ್ನೆ ಎಲೆಬಳ್ಳಿ ಇಳಿಸಲು ಬಂದ ಆಳುಗಳ ಮೇಲೆ ಕೂಗಾಡಿದೆ, ಇಬ್ಬರು ಬಿಟ್ಟು ಹೋದರು.

ಮಂಜವ್ವ ನನ್ನ ಪಾಲಿನದೂ ಸೇರಿಸಿ ತಿನ್ನುತ್ತಿದ್ದಾಳೆ. ಹೇಳಿದರೆ ನಗುತ್ತಾಳೆ.

"ನೀ ಎ ದಾಂವ, ಬಿಡು. ನಾ ಯಾಕ ಬಿಡ್ಲಿ? ನಂದು ಸೊನ್ನಿ. ನೀನ ಓದಿ ಹೇಳೀಯಲ್ಲ."

ದುರಗವ್ವ ದಿನಾ ಬೇಲಿಯಾಚೆಯಿಂದ ಕೇಳುತ್ತಾಳೆ, "ಹೆಂಗದೀರಿ ಮೈಲಾರಪ್ಪಣ್ಣಾರ? ಬಾಯಿ ಹೆಂಗೈತ್ರಿ?" ಸಾಯುವವನನ್ನು ಕೇಳುವ ದನಿ. ಬಾಯಿ ನೆಟ್ಟಗಿದೆ, ನಿನ್ನದು ಮುಚ್ಚು ಅಂದೆ.

೧೯ ಆಗಸ್ಟ್, ಶುಕ್ರವಾರ

ಮಂಜವ್ವ ಖಾರ ಬಿಟ್ಟಿದ್ದಾಳೆ. ಒಂದು ವಾರದಿಂದ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ ತಿನ್ನುತ್ತಿದ್ದಾಳೆ. ನಮ್ಮ ಸವಣೂರ ಖಾರದ ಕುರುಕಲು ಎಂದರೆ ಪೊಟ್ಟಣ ಬಿಚ್ಚುವ ಮೊದಲೇ ಕೈ ಚಾಚುವವಳು. ನಿನ್ನೆ ತಂದುಕೊಟ್ಟರೆ ಬದಿಗೆ ಸರಿಸಿದಳು.

"ಹಲ್ಲಿಂದು ಬ್ಯಾನಿ. ದವಡಿ ಹಲ್ಲು ಅಳ್ಳಾಡತೈತಿ."

ಹಲ್ಲಲ್ಲ. ಹತ್ತಿರ ಬಂದರೆ ವಾಸನೆ. ಸತ್ತ ಇಲಿ ಮಾಳಿಗೆಯಲ್ಲಿ ಸಿಕ್ಕಿಬಿದ್ದರೆ ಬರುತ್ತದಲ್ಲ, ಅದು. ಊಟಕ್ಕೆ ಎದುರು ಕೂರುತ್ತಿದ್ದವನು ಬಾಗಿಲ ಹತ್ತಿರ ಕುಳಿತೆ. ನೋಡಿದಳು. ಏನೂ ಅನ್ನಲಿಲ್ಲ. ಅನ್ನದೇ ಇರುವುದು ಅವಳ ಜಾಯಮಾನವಲ್ಲ.

ದುರಗವ್ವ ಜಾಜಿ ಎಲೆ ಅಗಿಯಲು ಕೊಟ್ಟಳು. ಪಟಕದ ನೀರು ಮುಕ್ಕಳಿಸಲು ಹೇಳಿದಳು. ಎಡಗಡೆ ಬಾವು. ಆದರೂ ಬಲಗಡೆ ಎಲೆ ಇಟ್ಟುಕೊಳ್ಳುತ್ತಾಳೆ.

ವಾಸನೆ ಬಂದರೆ ಹೇಸುತ್ತೇನೆ. ಆಮೇಲೆ ಹೇಸಿದ್ದಕ್ಕೆ ನನಗೇ ಹೇಸಿಕೆ.

೧೮ ಅಕ್ಟೋಬರ್, ಮಂಗಳವಾರ

ಬಾಯಿ ಎರಡು ಬೆರಳಷ್ಟೂ ತೆರೆಯುವುದಿಲ್ಲ ಈಗ. ಅಂಬಲಿ ಕುಡಿಯುತ್ತಾಳೆ. ಅದರಲ್ಲೂ ಅರ್ಧ ಗಲ್ಲದ ಮೇಲೆ ಇಳಿಯುತ್ತದೆ. ಆಸ್ಪತ್ರೆ ಅಂದರೆ ಚಂಚಿ ತೋರಿಸುತ್ತಾಳೆ, ಚೀಟಿ ಇದೆಯಲ್ಲ ಎಂದು.

ದಸರೆಗೆ ಮಧ್ವೇಶ ಊರಿಗೆ ಬಂದಿದ್ದಾನೆಂದು ಗೊತ್ತಾಯಿತು. ಅವಳು ಬಾವಿಗೆ ಹೋದಾಗ ಚಂಚಿಯಿಂದ ಚೀಟಿ ತೆಗೆದುಕೊಂಡೆ. ಮಠದ ಓಣಿಗೆ ಹೋದೆ. ಗಂಗಾಬಾಯಿಯವರು ಕಟ್ಟೆಯ ಮೇಲೆ ಕೂರಿಸಿದರು. ಮಧ್ವೇಶ ಹೊರಗೆ ಬಂದ. ಚೀಟಿ ಕೊಟ್ಟು ಹೇಳಿದೆ, ಇದರಲ್ಲಿ ಸೊನ್ನೆ ಇತ್ತು, ಈಗ ಬಾಯಲ್ಲಿ ಹುಣ್ಣು ಹೇಗೆ ಬಂತು, ನಿನ್ನ ಪರೀಕ್ಷೆ ಸುಳ್ಳು.

ಓದಿದ. ಅವನ ಮುಖ ಇಳಿಯಿತು.

"ಅಜ್ಜಾರ... ಇದು ಸೊನ್ನಿ ಅಲ್ರೀ. ಓ. ಇಂಗ್ಲಿಷಿನ ಓ. ಓ ಗ್ರೂಪು. ರಕ್ತದ ಹೆಸರು ಅಷ್ಟ."

"ಹೆಸರು?"

"ಹ್ಞೂಂ. ನಿಮ್ಮದು ಎ ಇದ್ದಂಗ ಅವರದು ಓ. ಬಾಯಿದು ಕೆಳಗ ಬರದೇನಲ್ರೀ. ಎಡಗಲ್ಲದ ಒಳಗ ಬಿಳಿ ಮಚ್ಚಿ ಅದ. ಹದಿನೈದು ದಿನದೊಳಗ ಆಸ್ಪತ್ರಿಗೆ ಬರಬೇಕು ಅಂತ."

ಇರುವೆ ಹರಿದ ಒಂದೂವರೆ ಸಾಲು.

"ಯಾವ ಭಾಷಾದಾಗ ಬರದಿ?"

ಚೀಟಿ ಮಡಿಸಿದ, ಮತ್ತೆ ಬಿಚ್ಚಿದ.

"ಸವಣೂರಾಗ ಹುಟ್ಟಿದಿ. ಸವಣೂರ ನೀರು ಕುಡದಿ. ನಿಮ್ಮವ್ವ ನಿನಗ ಇಂಗ್ಲಿಷಿನ್ಯಾಗ ಜೋಗುಳ ಹಾಡಿದ್ಲೇನು? ಎರಡ ಸಾಲು ಕನ್ನಡ ಬರಿಯಾಕ ಕೈಗೇನ್ ಬ್ಯಾನಿ ಬಂದಿತ್ತು?"

ಗಂಗಾಬಾಯಿಯವರು ಒಳಗಿಂದ ಬಾಗಿಲಿಗೆ ಬಂದು ನಿಂತರು. ಮಗನನ್ನು ಸಮರ್ಥಿಸಲಿಲ್ಲ.

"ನಂದ ತಪ್ಪು ಅಜ್ಜಾರ," ಅಂದ. "ಅಂದು ಮುನ್ನೂರು ಮಂದಿ ಇದ್ರು. ಬರಕೋತ ಹೋದೆ."

ಅವನ ತಪ್ಪು ಅವನು ಒಪ್ಪಿದ. ಅಷ್ಟೇ ಸುಲಭ. ಹೊರಗೆ ಬಂದು ದೊಡ್ಡಹುಣಸೆ ಮರದ ಬುಡದಲ್ಲಿ ಕುಳಿತೆ. ಓದಲು ಬರುವುದಿಲ್ಲ ಅಂದಿದ್ದರೆ ಸಾಕಿತ್ತು. ಬರುವುದಿಲ್ಲ. ಐದೇ ಅಕ್ಷರ. ಯಾರಾದರೂ ಮೇಷ್ಟರ ಹತ್ತಿರ ಓಡುತ್ತಿದ್ದಳು ಅವಳು. ನನ್ನ ಬಾಯಿಂದ ಅದು ಬರಲಿಲ್ಲ. ಸೊನ್ನೆ ಅಂತ ದೊಡ್ಡದಾಗಿ ಹೇಳಿದೆ. ತಲೆಯಲ್ಲಿ ಇಲ್ಲದ ಹಾಗೆ ಎಂದು ಮೇಲೆ ಒಂದು ಚೇಷ್ಟೆ.

ಹದಿನೈದು ದಿನ ಅಂತ ಬರೆದಿತ್ತು. ಎಂಟು ತಿಂಗಳಾಗಿದೆ.

೧೯ ಅಕ್ಟೋಬರ್, ಬುಧವಾರ

ಹೇಳಬೇಕೆಂದೇ ಎದ್ದೆ. ಹೇಳಲಿಲ್ಲ. ಬದಲಿಗೆ ಸುಳ್ಳು ಹೇಳಿದೆ.

"ಆ ಚೀಟಿ ಹಳೇದಾತಂತ. ಹೊಸಾದು ಮಾಡಿಸಬೇಕಂತ. ಮಧ್ವೇಶ ಕರದಾನ."

"ರೇಷನ್ ಕಾರ್ಡಿನಂಗ?"

"ಹ್ಞೂಂ. ರೇಷನ್ ಕಾರ್ಡಿನಂಗ."

"ಇಲ್ಲೇ ಬಂದು ಮಾಡಲಿ. ಬಸ್ಸಿನ್ಯಾಗ ಮಂದಿ ಮೂಗು ಮುಚ್ಚಿಕೊಂತಾರ."

ಅವಳಿಗೆ ಗೊತ್ತಿದೆ. ವಾಸನೆ ಗೊತ್ತಿದೆ. ಮಂದಿ ಸರಿದು ಕೂರುವುದು ಗೊತ್ತಿದೆ. ನಾನು ಬಾಗಿಲ ಹತ್ತಿರ ಕುಳಿತದ್ದೂ...

"ಮುಚ್ಚಿಕೊಳ್ಳಲಿ. ಅವರ ಮೂಗು, ಅವರ ಕೈ. ನೀ ನನ್ನ ಬಾಜೂಕ ಕುಂದರು."

ಒಪ್ಪಿದಳು. ಸೀರೆ ಯಾವುದು ಉಡಲಿ ಅಂದಳು. ಚೀಟಿ ಹೊಸದು ಮಾಡಿಸಲು ಸೀರೆ!

೯ ನವೆಂಬರ್, ಬುಧವಾರ. ಆಸ್ಪತ್ರೆ

ಮಧ್ವೇಶನ ಆಸ್ಪತ್ರೆಗೆ ಮೂರನೆಯ ಸಲ ಬಂದದ್ದು. ಶಿಗ್ಗಾಂವಿಯಲ್ಲಿ ಇಳಿದು ಹೈವೇ ಬಸ್ಸು ಹಿಡಿಯಬೇಕು. ಇವತ್ತೂ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟು ಖಾಲಿ, ಹಿಂದಿನದೂ ಖಾಲಿ. ನಿಂತೇ ಬರುತ್ತಾರೆ, ನಮ್ಮ ಹತ್ತಿರ ಕೂರುವುದಿಲ್ಲ. ಒಬ್ಬಳು ಕೈಚೌಕ ಮೂಗಿಗೆ ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ನಾನೂ ಅವಳನ್ನೇ ನೋಡಿದೆ, ಅವಳು ಇಳಿಯುವ ತನಕ.

ಗಲ್ಲದ ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್.

ಮಧ್ವೇಶ ಒಳಗೆ ಕರೆದು, ಆ ತುಣುಕನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನಿನ ಮುಂದೆ ಕೂರಿಸಿದ. ಗುಲಾಬಿ ಬಣ್ಣದ ಗೆರೆ ಗೆರೆ. ಬಳ್ಳಿಯ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದ ಹಾಗೆ.

"ಈ ಕಡೆ ಚರ್ಮ ಛಲೋ ಅದ. ಗುರುತು ಕಾಣಸ್ತದ. ಆ ಕಡೆ ನೋಡ್ರಿ. ಅಲ್ಲಿ ಅಳಸ್ಯದ."

"ಆಕೀದು ಓ ಅಂದಿ. ಓ ದವರಿಗೆ ಎಲ್ಲಿ ಗುರುತು?"

"ಅವರಿಗೂ ಅವರದ ಒಂದು ಗುರುತು ಇರ್ತದ ಅಜ್ಜಾರ. ಓ ಅಂದ್ರ ಏನೂ ಇಲ್ಲ ಅಂತಲ್ಲ."

ಅಷ್ಟು ದೊಡ್ಡ ದುರ್ಬೀನು ಬೇಕಾಯಿತು ನನಗೆ ಇದನ್ನು ತಿಳಿಯಲು.

"ಎ ದಾಂವ ನಾನು. ನಂಗ್ಯಾಕ ಬರಲಿಲ್ಲ?"

"ಸಾವಿರ ಮಂದೀನ ನೋಡಿದ್ರ ಎ ದವರು ನಾಕು ಮಂದಿ ಹೆಚ್ಚು ಸಿಗಬಹುದು, ಅಷ್ಟ. ಒಬ್ಬ ಮನಷ್ಯಾಗ ಬರ್ತದೋ ಇಲ್ಲೋ ಅದು ಹೇಳಂಗಿಲ್ಲ. ನೀವು ತಂಬಾಕು ಬಿಟ್ರಿ. ಅವರು ಬಿಡಲಿಲ್ಲ."

ಬಿಡಲಿಲ್ಲ ಯಾಕೆ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಡಗಲ್ಲ, ಕೆಳದವಡೆಯ ತುಂಡು ತೆಗೆಯಬೇಕು. ತೆಗೆದರೆ ಉಳಿಯುವ ಆಸೆ ಇದೆ. ಫೆಬ್ರುವರಿಯಲ್ಲೇ ಬಂದಿದ್ದರೆ? ಕೇಳಿದೆ. ಮಚ್ಚೆ ಅಷ್ಟೇ ತೆಗೆಯುತ್ತಿದ್ದೆವು, ದವಡೆ ಉಳಿಯುತ್ತಿತ್ತೇನೋ ಅಂದ. ಮೆಲ್ಲಗೆ ಅಂದ. ಜೋರಾಗಿ ಅಂದಿದ್ದರೆ ಅವನ ಮೇಲೆ ಹಾಯಬಹುದಿತ್ತು.

ಎರಡು ಬಾಟಲಿ ರಕ್ತ ಬೇಕು. ಒಂದು ಅವರು ಹೊಂದಿಸುತ್ತಾರೆ. ಇನ್ನೊಂದು ನಾವು. ಮಂಜವ್ವನನ್ನು ಇವತ್ತೇ ವಾರ್ಡಿಗೆ ಸೇರಿಸಿಕೊಂಡರು.

೧೪ ನವೆಂಬರ್, ಸೋಮವಾರ

ಅಂಗಿಯ ತೋಳು ಮಡಿಸಿ ರಕ್ತ ತೆಗೆಯುವ ಕೋಣೆಗೆ ಹೋಗಿ ಕುಳಿತೆ. ಒಂದೇ ತಾಯಿ ಹೊಟ್ಟೆ. ಇದಕ್ಕಾಗಿ ಊರಿನ ಕಪಾಳಕ್ಕೆ ಹೊಡೆದವನು ನಾನು.

ಅಲ್ಲಿಯವನು ಕಾಗದ ನೋಡಿ ತಲೆಯಾಡಿಸಿದ.

"ನಿಮ್ದು ಬರೂದಿಲ್ರೀ ಯಜಮಾನ್ರ. ವಯಸ್ಸೂ ಆಗೇತಿ, ಗ್ರೂಪೂ ಕೂಡೂದಿಲ್ಲ."

"ಸ್ವಂತ ತಂಗಿ ಆಕಿ."

"ಇರಬಹುದ್ರೀ. ಎ ರಕ್ತ ಹಾಕಿದ್ರ ಸಾಯ್ತಾರ. ಓ ದವರಿಗೆ ಓ ನ ಆಗಬೇಕು."

ತೋಳು ಇಳಿಸಿಕೊಂಡು ಬಂದೆ. ಅವಳ ಬಾಯಿ ಕೆಡಿಸಲು ನಾನು ಬೇಕಾದೆ. ರಕ್ತ ಕೊಡಲು ಬೇಡವಾದೆ.

ಸಂಜೆಯ ಬಸ್ಸಿಗೆ ಊರಿಗೆ ಬಂದು ಓ ಬಂದವರ ಮನೆಗಳಿಗೆ ಹೋದೆ. ನನಗೆ ಗೊತ್ತಿದ್ದದ್ದು ನಾಲ್ಕು ಮನೆ. ಒಬ್ಬನಿಗೆ ಚಳಿಜ್ವರ ಬಂದುಬಿಟ್ಟಿತು, ನನ್ನನ್ನು ನೋಡಿದ ಕೂಡಲೇ. ಒಬ್ಬಳು ನಮ್ಮ ಬೆಡಗಿನ ರಕ್ತ ಬೇರೆ ಬೆಡಗಿಗೆ ಕೊಡುವುದಿಲ್ಲ ಅಂದಳು. ಮೂರನೆಯವನು ಬಾಗಿಲೇ ತೆಗೆಯಲಿಲ್ಲ, ಒಳಗೆ ಕೆಮ್ಮಿದ್ದು ಕೇಳಿಸಿತು. ಆಗ ಉಳಿದದ್ದು ಗುಡ್ಡಪ್ಪನ ಮನೆ.

ಮೆಟ್ಟಿಲ ಮೇಲೆ ಕುಳಿತು ಎಲೆ ಹಾಕುತ್ತಿದ್ದ. ಕುಳಿತುಕೊ ಅನ್ನಲಿಲ್ಲ. ನಿಂತೇ ಹೇಳಿದೆ. ಮುಗಿಯುವ ತನಕ ಜಗಿದ.

"ಅಂದು ಬಡದ ಕೈ ಯಾವುದು?"

ಬಲಗೈ ತೋರಿಸಿದೆ.

"ಆ ಕೈ ಜೋಡಿಸಿ ಕೇಳು."

ಜೋಡಿಸಿದೆ. ಅರವತ್ತನಾಲ್ಕು ವರ್ಷದಲ್ಲಿ ಮೈಲಾರಲಿಂಗನಿಗೆ ಬಿಟ್ಟರೆ ಇನ್ನು ಯಾರಿಗೂ ಜೋಡಿಸಿರಲಿಲ್ಲ. ಅದೂ ಆ ಬಾಯಿಗೆ. ಮೈಯೆಲ್ಲ ಉರಿಯಿತು. ಅವನು ನಗಲಿಲ್ಲ. ಅದು ಇನ್ನೂ ಕೆಟ್ಟದಾಯಿತು.

"ಸಾಕು, ಇಳಸು. ಮಂಜವ್ವಕ್ಕ ನನ್ನ ಮಗಳ ಬಾಣಂತನ ಮಾಡ್ಯಾಳ. ನೀ ಬರದಿದ್ರೂ ನಾ ಹೋಗಾಂವನ ಇದ್ದೆ. ಕೈ ಜೋಡಿಸಿದ್ದು ಬ್ಯಾರೆ ಲೆಕ್ಕ. ಅದು ನಮ್ಮಿಬ್ಬರದು."

೧೬ ನವೆಂಬರ್, ಬುಧವಾರ

ಗುಡ್ಡಪ್ಪ ರಕ್ತ ಕೊಟ್ಟ. ಕೊಟ್ಟು ಎದ್ದು ನಾಲ್ಕು ಬಿಸ್ಕೀಟು ತಿಂದ, ಎರಡು ಚಾ ಕುಡಿದ, ತಲೆ ತಿರುಗುತ್ತದೆ ಎಂದು ಮತ್ತೊಂದು ಚಾ ಕುಡಿದ. ವಾರ್ಡಿನಲ್ಲಿ ಮಂಜವ್ವನ ಮುಂದೆ ನಿಂತು ಎದೆ ತಟ್ಟಿಕೊಂಡ.

"ಅಕ್ಕಾ, ಇನ್ನ ಮ್ಯಾಲೆ ನೀ ನಮ್ಮ ಬೆಡಗ. ಈ ಮುದುಕನ ಜೋಡಿ ನಿನಗ ಸಂಬಂಧ ಇಲ್ಲ."

ಮಂಜವ್ವ ಬಾಯಿ ತೆರೆಯಲಾರದೆ ಮೂಗಿನಿಂದ ನಕ್ಕಳು.

ಮಧ್ವೇಶ ಅವನ ಬಾಯಿಗೂ ಟಾರ್ಚು ಬಿಟ್ಟ. ಈ ಸಲ ಚೀಟಿಯನ್ನು ಕನ್ನಡದಲ್ಲಿ ಬರೆದ. ಮಚ್ಚೆಯಿಲ್ಲ, ತಂಬಾಕು ಬಿಡಬೇಕು, ಮೂರು ತಿಂಗಳಿಗೆ ತೋರಿಸಬೇಕು. ಗುಡ್ಡಪ್ಪ ಓದಿ, ಮಡಿಸಿ, ಹೊರಗೆ ಹೋದ. ಕಿಟಕಿಯಿಂದ ನೋಡಿದೆ. ಕಂಪೌಂಡಿನ ಗೋಡೆಗೆ ಉಗುಳುತ್ತಿದ್ದ. ರಕ್ತ ಕೊಟ್ಟವನನ್ನು ಬೈಯುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡೆ.

೨೨ ನವೆಂಬರ್, ಮಂಗಳವಾರ. ಮಧ್ಯಾಹ್ನ

ನಾಳೆ ಬೆಳಿಗ್ಗೆ ಆಪರೇಷನ್. ದುರಗವ್ವ ಜೊತೆಗೆ ಬಂದಿದ್ದಾಳೆ. ನಾನು ಬೈದರೂ ಬಂದಳು. ಮಂಜವ್ವನ ತಲೆ ಬಾಚಿ ಹೆಣೆದಳು.

ಇವತ್ತು ಹೇಳಲೇಬೇಕು ಅಂದುಕೊಂಡಿದ್ದೆ. ನಾಳೆಯ ಮೇಲೆ ಏನೋ ಯಾರಿಗೆ ಗೊತ್ತು. ಮಂಚದ ಪಕ್ಕಕ್ಕೆ ಕುಳಿತೆ. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳೇ ಶುರು ಮಾಡಿದಳು. ಮಾತು ಹಲ್ಲಿನ ಸಂದಿಯಿಂದ ಬರುತ್ತದೆ, ಕಿವಿ ಹತ್ತಿರ ಒಯ್ಯಬೇಕು.

"ಅಣ್ಣಾ, ಒಂದ ಮಾತು ಹೇಳ್ತೇನಿ. ಸಿಟ್ಟಿಗೇಳಬ್ಯಾಡ. ನಂಗ ಯುಗಾದಿ ಹೊತ್ತಿಗೇ ಗಲ್ಲದಾಗ ಚುಚ್ಚತಿತ್ತು. ಅಂಜಿಕಿ ಬಂತಂದ್ರ ಚೀಟಿ ತಗದು ನೋಡ್ತಿದ್ದೆ. ಸೊನ್ನಿ ನೋಡಿದ್ರ ಸಮಾಧಾನ ಆಗತಿತ್ತು. ನಮ್ಮಣ್ಣ ಓದ್ಯಾನಲ್ಲ, ಸುಳ್ಳಾಗೂದಿಲ್ಲ ಅಂತ. ಅಷ್ಟು ದಿವ್ಸ ಆರಾಮಿದ್ದೆ ನೋಡು. ಅದೊಂದು ಪುಣ್ಯಾ ಕಟಗೊಂಡಿ."

ಎದ್ದು ಹೊರಗೆ ಬಂದೆ. ಮೋರಿಯ ಹತ್ತಿರ ವಾಂತಿಯಾಯಿತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಆದರೂ ಆಯಿತು.

ದುರಗವ್ವ ನೀರು ತಂದುಕೊಟ್ಟಳು. "ವಾಸನಿಗೆ ಆಗಿರಬೇಕ್ರಿ," ಅಂದಳು. ಹೌದು ಅಂದೆ. ಅದನ್ನೂ ತಂಗಿಯ ಮೇಲೇ ಹಾಕಿದೆ.

೨೩ ನವೆಂಬರ್, ಬುಧವಾರ

ಎಂಟಕ್ಕೆ ಒಳಗೆ ಒಯ್ದರು. ಒಂದೂವರೆಗೆ ಹೊರಗೆ ತಂದರು. ಉಸಿರಿದೆ.

೨೯ ನವೆಂಬರ್, ಮಂಗಳವಾರ. ಸಂಜೆ ಐದು

ಅರ್ಧ ಮುಖ ಪಟ್ಟಿ. ಮೂಗಿನಲ್ಲಿ ನಳಿಗೆ, ಅದರಲ್ಲೇ ಗಂಜಿ. ಪಟ್ಟಿ ಬಿಚ್ಚುವಾಗ ನೋಡಬೇಡಿ ಅಂತಾರೆ. ನಾನು ನೋಡುತ್ತೇನೆ. ದಿನಾ ನೋಡುತ್ತೇನೆ. ಅಲ್ಲಿ ಗಲ್ಲವಿಲ್ಲ. ಹೊಲಿದ ಚೀಲದ ಹಾಗಿದೆ.

ದುರಗವ್ವ ಬಟ್ಟೆ ಒಗೆಯಲು ಹೋದಳು. ಪಕ್ಕದ ಮಂಚ ಖಾಲಿ. ಹೇಳಿದೆ.

"ಮಂಜೀ. ಆ ಚೀಟ್ಯಾಗ ಇದ್ದದ್ದು ಸೊನ್ನಿ ಅಲ್ಲ. ಅದು ರಕ್ತದ ಹೆಸರು. ಅದರ ಕೆಳಗ, ಹದಿನೈದು ದಿನದಾಗ ಆಸ್ಪತ್ರಿಗೆ ಬಾ ಅಂತ ಇತ್ತು. ನಂಗ ಓದಾಕ ಬರಲಿಲ್ಲ. ಬರ್ತೈತಿ ಅಂತ ಹೇಳಿದೆ."

ನೋಡಿದಳು. ರೆಪ್ಪೆ ಬಡಿಯಲಿಲ್ಲ. ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟ.

ಕೈ ಎತ್ತಿದಳು. ಹೊಡೆಯುತ್ತಾಳೆ ಎಂದು ಮುಖ ಮುಂದೆ ಮಾಡಿದೆ. ಹೊಡೆಯಲಿಲ್ಲ. ಅಂಗೈಯನ್ನು ನನ್ನ ಬಾಯಿಯ ಮೇಲೆ ಇಟ್ಟಳು. ಒತ್ತಿ ಹಿಡಿದಳು. ಸಾಕು ಎಂದೋ, ಈ ಬಾಯಿ ನೋಡಲಾರೆ ಎಂದೋ... ತಿಳಿಯಲಿಲ್ಲ. ಕೈಗೆ ಔಷಧದ ವಾಸನೆ. ಆಮೇಲೆ ಕೈ ತೆಗೆದು ಗೋಡೆಯ ಕಡೆ ಹೊರಳಿದಳು. ನಳಿಗೆ ಎಳೆಯಿತು. ಸರಿ ಮಾಡಲು ಹೋದೆ. ನನ್ನ ಕೈ ದೂಡಿದಳು. ತಾನೇ ಸರಿ ಮಾಡಿಕೊಂಡಳು.

ಹುಟ್ಟಿದಾಗಿನಿಂದ ಅವಳು ನನಗೆ ಮಾತು ಬಾಕಿ ಇಟ್ಟವಳಲ್ಲ. ನಾನು ಒಂದು ಅಂದರೆ ಅವಳದು ನಾಲ್ಕು. ಹೊಲಿಗೆ ಒಣಗಿದರೆ ಮಾತು ಬರುತ್ತದೆ ಅಂದಿದ್ದಾನೆ ಮಧ್ವೇಶ. ಎಷ್ಟು ಬರುತ್ತದೆ ಎಂದು ಹೇಳಿಲ್ಲ. ಮೊದಲ ಮಾತು ಬೈಗುಳವೇ ಇರಲಿ. ಅವ್ವನ ಆಣೆ, ಒಂದಕ್ಕೂ ಎದುರಾಡುವುದಿಲ್ಲ. ಮಂಚದ ಪಕ್ಕ ಕುಳಿತು, ಅವಳು ಎಷ್ಟು ಹೊತ್ತು ಬೈದರೂ ಅಷ್ಟು ಹೊತ್ತು ಕೇಳುತ್ತೇನೆ.